ಸಂತೆಯಿಂದ ತಂದ ಸೀಮೆಹಸು ಸೊರಗಿದೆಯೇ? ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಕರಾವಿನ ಹಸುವಿಗೆ ಒಳ್ಳೆಯ ಬೆಲೆ ಸಿಗುವುದು ಕರು ಹಾಕಿದ ಹೊಸದರಲ್ಲಿ, ಇಲ್ಲವೇ ತುಂಬು ಗಬ್ಬದಲ್ಲಿ. ಗಾಡಿ ಪ್ರಯಾಣ ತಡೆದುಕೊಳ್ಳುವ ಶಕ್ತಿ ಅದಕ್ಕೆ ತೀರಾ ಕಡಿಮೆ ಇರುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ಸಂತೆಯಲ್ಲಿ ಚೆನ್ನಾಗಿ ಕಂಡ ಹಸು ಮನೆ ಮುಂದೆ ಇಳಿದ ಮೇಲೆ ಮೇವು ಬಿಡುತ್ತದೆ, ಮಲಗಿದರೆ ಏಳುವುದಿಲ್ಲ, ಹಾಲು ಅರ್ಧಕ್ಕೆ ಇಳಿಯುತ್ತದೆ. ಮಾರಿದವರಿಗೆ ಫೋನ್ ಹೋಗುತ್ತದೆ. "ನಮ್ಮ ಕೊಟ್ಟಿಗೇಲಿ ಚೆನ್ನಾಗೇ ಇತ್ತಲ್ಲಣ್ಣ" ಅಂತ ಉತ್ತರ ಬರುತ್ತದೆ. ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ.

ಕಾರಣ ಹುಡುಕಲು ಎರಡು ಸುಳಿವು ಮುಖ್ಯ. ಗಾಡಿಯಿಂದ ಇಳಿದು ಎಷ್ಟು ಹೊತ್ತಾದ ಮೇಲೆ ತೊಂದರೆ ಶುರುವಾಯಿತು? ಮೈ ಬಿಸಿ ಎಷ್ಟಿದೆ? ಇಳಿದ ದಿನವೇ ಕಂಡದ್ದು ಬಹುಮಟ್ಟಿಗೆ ದಾರಿಯದ್ದು: ಜಾರಿ ಬಿದ್ದ ಏಟು, ಬಿಸಿಲು, ನೀರಡಿಕೆ, ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುವುದು. ಎರಡರಿಂದ ನಾಲ್ಕನೇ ದಿನದಲ್ಲಿ ಕಂಡರೆ ಮೊದಲು ಮೇವನ್ನೂ ಕೆಚ್ಚಲನ್ನೂ ನೋಡಬೇಕು. ಐದಾರು ದಿನ ಚೆನ್ನಾಗಿದ್ದು ಆಮೇಲೆ ಜ್ವರ ಬಂದರೆ ಸಂತೆಯಲ್ಲೋ ಗಾಡಿಯಲ್ಲೋ ಅಂಟಿದ ಸೋಂಕಿನ ಅನುಮಾನ. ಇದು ಕಟ್ಟುನಿಟ್ಟಿನ ಲೆಕ್ಕವಲ್ಲ. ಆದರೆ ಪಶುವೈದ್ಯರಿಗೆ ಫೋನ್ ಮಾಡಿದಾಗ ಅವರು ಕೇಳುವುದೂ ಇದನ್ನೇ.

## ಔಷಧಿ ತರುವ ಮುಂಚೆ

ಮನುಷ್ಯರಿಗೆ ಬಳಸುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದಕ್ಕೊಂದು ದಾರ ಕಟ್ಟಿ, ತುದಿಗೆ ಸ್ವಲ್ಪ ಎಣ್ಣೆ ಹಚ್ಚಿ, ಗುದದ್ವಾರದೊಳಗೆ ಪಕ್ಕದ ಗೋಡೆಗೆ ತಾಗುವಂತೆ ಹಿಡಿಯಿರಿ. ಸಗಣಿಯೊಳಗೆ ಚುಚ್ಚಿದರೆ ಲೆಕ್ಕ ತಪ್ಪುತ್ತದೆ. ಆರೋಗ್ಯದ ಹಸುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಬಿಸಿಲಿನಲ್ಲಿ ಬಂದ ಹಸುವಿಗೆ ಇಳಿದ ತಕ್ಷಣ 103 ತೋರಿಸಿದರೆ ಗಾಬರಿ ಬೇಡ. ನೆರಳಿನಲ್ಲಿ ಕಟ್ಟಿ, ನೀರು ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಜ್ವರ ಅಂತಲೇ ತಿಳಿಯಿರಿ. 100ಕ್ಕಿಂತ ಕೆಳಗೆ ಬಂದರೆ ಜ್ವರಕ್ಕಿಂತ ಜಾಸ್ತಿ ಅವಸರ ಮಾಡಬೇಕು.

ಆಮೇಲೆ ಎಡ ಪಕ್ಕೆಯ ಗುಳಿಯಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ಸುಮ್ನೆ ನಿಂತುಕೊಳ್ಳಿ. ಹೊಟ್ಟೆ ಎರಡು ಮೂರು ಸಲವಾದರೂ ಉರುಳಿ ಕೈಯನ್ನು ತಳ್ಳಬೇಕು. ಏನೂ ಅಲುಗಾಡದಿದ್ದರೆ ಹೊಟ್ಟೆ ಕೆಲಸ ನಿಲ್ಲಿಸಿದೆ. ಕುತ್ತಿಗೆಯ ಚರ್ಮ ಚಿವುಟಿ ಬಿಡಿ. ಎರಡು ಸೆಕೆಂಡಾದರೂ ಮಡಿಕೆ ಹಾಗೇ ನಿಂತಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಮೈಯಲ್ಲಿ ನೀರಿಲ್ಲ. ಕೆಳ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ತಿಳಿ ಗುಲಾಬಿ ಇದ್ದರೆ ಸರಿ. ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ ಬರೆದಿಟ್ಟುಕೊಳ್ಳಿ. ಕಿವಿಯ ಬುಡ ಮುಟ್ಟಿ, ತಣ್ಣಗಿದೆಯೇ ನೋಡಿ. ಸಗಣಿ, ಮೂತ್ರ ಯಾವಾಗ ಹಾಕಿತು, ಹೇಗಿತ್ತು ಅನ್ನುವುದನ್ನೂ ಗುರುತು ಮಾಡಿಕೊಳ್ಳಿ.

ಇಲ್ಲೇ ಒಂದು ಎಚ್ಚರಿಕೆ. ನಮ್ಮ ಕಡೆ ಹಸು ಸ್ವಲ್ಪ ಸಪ್ಪಗಾದರೆ ಮೊದಲು ಕೈ ಹೋಗುವುದು ಗೊಟ್ಟಕ್ಕೆ, ಅಂದರೆ ಕಷಾಯ ಕುಡಿಸುವ ಬಿದಿರ ಕೊಳವೆಗೆ. ಮಲಗಿ ತಲೆ ಎತ್ತಲಾರದ ಹಸುವಿಗೆ, ಕೆಮ್ಮುವ ಹಸುವಿಗೆ, ನುಂಗಲು ಕಷ್ಟಪಡುವ ಹಸುವಿಗೆ ಗೊಟ್ಟದಲ್ಲಿ ಏನನ್ನೂ ಹಾಕಬೇಡಿ. ನಾಲಿಗೆ ಎಳೆದು ಹಿಡಿದು ಸುರಿದರೆ ಅದು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಲ ಕಾಯಿಲೆಯಿಂದ ಉಳಿಯುತ್ತಿದ್ದ ಹಸು ಈ ಕಷಾಯದಿಂದ ಸಾಯುವುದುಂಟು.

## ಮಲಗಿದ್ದು ಏಳುತ್ತಿಲ್ಲ

ಎಲ್ಲಕ್ಕಿಂತ ಅವಸರದ ಲಕ್ಷಣ ಇದು. ಜೊತೆಗೆ ಅತಿ ಹೆಚ್ಚು ತಪ್ಪು ಲೆಕ್ಕ ಹಾಕುವುದೂ ಇಲ್ಲಿಯೇ. "ಗಾಡಿಯಲ್ಲಿ ನಿಂತು ಸುಸ್ತಾಗಿದೆ, ಮಲಗಲಿ ಬಿಡು" ಅಂತ ಬೆಳಗಿನವರೆಗೆ ಬಿಟ್ಟುಬಿಡುತ್ತಾರೆ. ಸುಸ್ತಾದ ಹಸು ಮಲಗುತ್ತದೆ, ನಿಜ. ಆದರೆ ಅದು ಮೆಲುಕು ಹಾಕುತ್ತದೆ, ಕಿವಿ ಆಡಿಸುತ್ತದೆ, ನೀರಿನ ಬಕೆಟ್ ಸದ್ದಿಗೆ ತಿರುಗಿ ನೋಡುತ್ತದೆ, ಒಂದೆರಡು ಗಂಟೆಯಲ್ಲಿ ತಾನೇ ಏಳುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಅದು ಸುಸ್ತಲ್ಲ.

ಮೊದಲು ಕೇಳಬೇಕಾದದ್ದು: ಕರು ಹಾಕಿ ಎಷ್ಟು ದಿನವಾಯಿತು, ಎಷ್ಟನೇ ಸೂಲು (ಎಷ್ಟನೇ ಕರು)? ಮೂರನೇ ಸೂಲು ದಾಟಿದ, ಜಾಸ್ತಿ ಹಾಲಿನ ಹಸು, ಈದು ಮೂರು ದಿನದೊಳಗಿದ್ದರೆ ಹಾಲು ಜ್ವರದ ಅನುಮಾನವೇ ಮೊದಲನೆಯದು. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ಕಿವಿ ತಣ್ಣಗೆ, ಮೂತಿ ಒಣಗಿರುತ್ತದೆ. ಕುತ್ತಿಗೆ ಡೊಂಕು ಮಾಡಿ ತಲೆಯನ್ನು ಪಕ್ಕೆಗೆ ಒರಗಿಸಿಕೊಂಡಿರುತ್ತದೆ. ಸಗಣಿ ನಿಂತಿರುತ್ತದೆ. ಹಾಲಿಗೆ ಹರಿದುಹೋದಷ್ಟು ಕ್ಯಾಲ್ಸಿಯಂ ಅನ್ನು ಮೂಳೆಯಿಂದ ಅಷ್ಟೇ ಬೇಗ ಎಳೆದುಕೊಳ್ಳಲು ಮೈಗೆ ಆಗಿಲ್ಲ. ದಾರಿಯ ಉಪವಾಸ ಇದನ್ನು ಇನ್ನೂ ಕೆಡಿಸುತ್ತದೆ.

ತುಂಬು ಗಬ್ಬದ ಹಸು ಉದ್ದ ಪ್ರಯಾಣದ ಮೇಲೆ ಬಿದ್ದರೆ ಕಥೆ ಸ್ವಲ್ಪ ಬೇರೆ. ಅದು ಮೊದಲು ಚಡಪಡಿಸುತ್ತದೆ, ಹಲ್ಲು ಕಡಿಯುತ್ತದೆ, ತೂರಾಡುತ್ತಾ ನಡೆಯುತ್ತದೆ, ಆಮೇಲೆ ಹಿಂಗಾಲು ಕುಸಿದು ಕೂರುತ್ತದೆ. ಮೇವು ನೀರಿಲ್ಲದೆ ಗಾಡಿಯಲ್ಲಿ ನಿಂತ ಹಸುವಿಗೆ ಒಂದೆರಡು ದಿನದೊಳಗೆ ಬರುವ ತೊಂದರೆ ಇದು. ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಂ ಕೂಡ ಕುಸಿದಿರಬಹುದು.

ಎರಡಕ್ಕೂ ರಕ್ತನಾಳಕ್ಕೆ ಬಾಟಲಿ ಏರಿಸಬೇಕು. ಅದನ್ನು ಪಶುವೈದ್ಯರೇ ಏರಿಸಬೇಕು. ಕ್ಯಾಲ್ಸಿಯಂ ಬೇಗ ಏರಿದರೆ ಹೃದಯ ನಿಂತು ಹಸು ಅಲ್ಲೇ ಸಾಯುತ್ತದೆ. ಅನುಭವ ಇದೆ ಅಂತ ಅಂಗಡಿಯಿಂದ ಬಾಟಲಿ ತಂದು ಏರಿಸುವವರು ಪ್ರತಿ ಊರಿನಲ್ಲೂ ಒಬ್ಬರಿರುತ್ತಾರೆ. ಅವರನ್ನು ಕರೆಯಬೇಡಿ. ಸರಿಯಾದ ಹಾಲು ಜ್ವರವಾಗಿದ್ದರೆ ಬಾಟಲಿ ಮುಗಿಯುವಷ್ಟರಲ್ಲಿ ಮೈ ನಡುಕ, ತೇಗು, ಸಗಣಿ ಕಾಣಿಸಿಕೊಳ್ಳುತ್ತದೆ. ಬಹಳ ಹಸುಗಳು ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತವೆ. ಎದ್ದ ಮೇಲೆ ಒಂದೆರಡು ದಿನ ಕೆಚ್ಚಲು ಪೂರ್ತಿ ಬರಿದು ಮಾಡಿ ಕರೆಯಬೇಡಿ.

ಬಾಟಲಿ ಏರಿದರೂ ಏಳಲಿಲ್ಲವೇ? ಅಥವಾ ಹಸು ಚುರುಕಾಗಿದೆ, ಮೇವು ತಿನ್ನುತ್ತಿದೆ, ಏಳಲು ಹೋಗಿ ಹೋಗಿ ಹಿಂಗಾಲು ಮಾತ್ರ ಬರುತ್ತಿಲ್ಲವೇ? ಆಗ ಏಟನ್ನು ಹುಡುಕಿ. ಗಾಡಿಯ ಕಬ್ಬಿಣದ ತಗಡಿನ ಮೇಲೆ ಹಿಂಗಾಲು ಎರಡೂ ಅಗಲಕ್ಕೆ ಜಾರಿದರೆ ತೊಡೆಯ ಸ್ನಾಯು ಹರಿಯಬಹುದು, ಸೊಂಟದ ಕೀಲು ತಪ್ಪಬಹುದು, ನರಕ್ಕೆ ಪೆಟ್ಟಾಗಬಹುದು. ಗೊರಸಿನ ಸಂದನ್ನು ಬಲವಾಗಿ ಚಿವುಟಿ ನೋಡಿ. ಕಾಲು ಎಳೆದುಕೊಂಡರೆ ಅರಿವು ಇದೆ, ಆಸೆ ಇದೆ. ಎಳೆದುಕೊಳ್ಳದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಇನ್ನೊಂದು ಮೋಸ ಮಾಡುವ ಕಾಯಿಲೆ ಇದೆ. ಮೈ ತಣ್ಣಗೆ, ಕಿವಿ ತಣ್ಣಗೆ, ಹಸು ಮಲಗಿದೆ, ನೋಡಿದರೆ ಹಾಲು ಜ್ವರವೇ. ಆದರೆ ಒಂದು ಮೊಲೆ ಹಿಂಡಿದರೆ ಹಾಲಿನ ಬದಲು ಹಳದಿ ನೀರು ಬರುತ್ತದೆ. ಇದು ವಿಷವೇರಿದ ಕೆಚ್ಚಲು ಬಾವು. ಹಾಗಾಗಿ ಮಲಗಿದ ಹಸುವಿನ ನಾಲ್ಕೂ ಮೊಲೆಯಿಂದ ಒಂದೆರಡು ಗೆರೆ ಹಾಲು ಹಿಂಡಿ ನೋಡದೆ ಕ್ಯಾಲ್ಸಿಯಂ ಅಂತ ತೀರ್ಮಾನಿಸಬೇಡಿ.

ವೈದ್ಯರು ಬರುವವರೆಗೆ ನಿಮ್ಮ ಕೆಲಸ: ಹಸು ಅಡ್ಡಡ್ಡ ಬೀಳದಂತೆ ಎದೆಯ ಮೇಲೆ ಕೂರಿಸಿ, ಎರಡೂ ಕಡೆ ಹುಲ್ಲು ತುಂಬಿದ ಗೋಣಿಚೀಲ ಒತ್ತಿಡಿ. ಅಡ್ಡ ಬಿದ್ದ ಹಸುವಿಗೆ ತೇಗು ಬಾರದೆ ಹೊಟ್ಟೆ ಉಬ್ಬುತ್ತದೆ. ಅಡಿಗೆ ದಪ್ಪನಾಗಿ ಹುಲ್ಲು ಅಥವಾ ಮರಳು ಹಾಸಿ. ಮೂರು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಅದರ ಭಾರಕ್ಕೆ ಅದರದೇ ಕಾಲಿನ ಸ್ನಾಯು ಸಾಯುತ್ತದೆ. ಬಾಲ ತಿರುಚುವುದು, ಹಗ್ಗ ಹಾಕಿ ಎಳೆಯುವುದು ಬೇಡ. ಹಾಗೆ ಎಬ್ಬಿಸಲು ಹೋಗಿ ಬಾಲದ ಮೂಳೆ ಮುರಿದವರಿದ್ದಾರೆ.

## ಹಾಲು ಹೇಳಿದಷ್ಟಿಲ್ಲ, ಕೆಚ್ಚಲು ಗಟ್ಟಿಯಾಗಿದೆ

ಮೂರ್ನಾಲ್ಕು ದಿನ ಹಾಲು ಇಳಿಯುವುದು ಸಹಜ. ಹೊಸ ಕೊಟ್ಟಿಗೆ, ಹೊಸ ಕೈ, ಹೊಸ ನೀರು. ಹೆದರಿದ ಹಸು ಕೆಚ್ಚಲಲ್ಲಿ ಹಾಲಿದ್ದರೂ ಇಳಿಸುವುದಿಲ್ಲ. ಹೊತ್ತಿಗೆ ಸರಿಯಾಗಿ, ಒಬ್ಬರೇ, ಗಲಾಟೆ ಇಲ್ಲದೆ ಕರೆಯಿರಿ. ನೀರು ಬೇಕಾದಷ್ಟು ಕುಡಿಯಲು ಬಿಡಿ. ಕರಾವಿನ ಸೀಮೆಹಸುವಿಗೆ ದಿನಕ್ಕೆ 60 ಲೀಟರಿಗೂ ಹೆಚ್ಚು ನೀರು ಬೇಕು. ಹಾಲು ಕಮ್ಮಿ ಅಂತ ಹಿಂಡಿ ಜಾಸ್ತಿ ಸುರಿಯುವ ಮುಂಚೆ ನೀರಿನ ತೊಟ್ಟಿ ನೋಡಿ.

ವಾರವಾದರೂ ಏರದಿದ್ದರೆ ಕಾರಣ ಸಂತೆಯಲ್ಲಿ ಇರಬಹುದು. ಕೆಚ್ಚಲು ದೊಡ್ಡದಾಗಿ ಕಾಣಲಿ ಅಂತ ಮಾರುವ ಮುಂಚಿನ ಒಂದು ಹೊತ್ತು, ಕೆಲವರು ಎರಡು ಹೊತ್ತು, ಹಾಲು ಕರೆಯದೆ ಬಿಡುತ್ತಾರೆ. ಅಂಥ ಹಸುವನ್ನು ಗುರುತಿಸುವುದು ಕಷ್ಟವಲ್ಲ. ಮೊಲೆಗಳು ಬಿರಿದು ಹೊರಕ್ಕೆ ಸೆಟೆದು ನಿಂತಿರುತ್ತವೆ, ಹಾಲು ತಾನೇ ತೊಟ್ಟಿಕ್ಕುತ್ತಿರುತ್ತದೆ, ಹಸು ಹಿಂಗಾಲು ಅಗಲ ಮಾಡಿ ನಡೆಯುತ್ತದೆ, ಕೆಚ್ಚಲು ಮುಟ್ಟಿದರೆ ಒದೆಯುತ್ತದೆ. ನೋಡುವವರಿಗೆ ಅದು ಹಾಲಿನ ಹಸು, ಹಸುವಿಗೆ ಮಾತ್ರ ಇಡೀ ದಿನದ ನೋವು. ತೊಟ್ಟಿಕ್ಕುವ ಮೊಲೆಯ ಬಾಯಿ ತೆರೆದಿರುತ್ತದೆ. ಸಂತೆಯ ಕೆಸರಲ್ಲಿ, ಗಾಡಿಯ ಸಗಣಿಯಲ್ಲಿ ಮಲಗಿದರೆ ಸೋಂಕು ನೇರ ಒಳಗೆ ಹೋಗುತ್ತದೆ. ಎರಡು ಮೂರು ದಿನ ಬಿಟ್ಟು ಕಾಣುವ ಕೆಚ್ಚಲು ಬಾವಿನ ಬೇರು ಎಷ್ಟೋ ಸಲ ಇಲ್ಲಿರುತ್ತದೆ.

ಈದ ಹೊಸದರಲ್ಲಿ ಕೆಚ್ಚಲು ಊದಿರುವುದೆಲ್ಲ ಬಾವಲ್ಲ. ಬೆರಳಿಂದ ಒತ್ತಿ ನೋಡಿ. ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ, ನೋವು ಬಿಸಿ ಇಲ್ಲದಿದ್ದರೆ, ಹಾಲು ಸರಿಯಿದ್ದರೆ ಅದು ನೀರು ತುಂಬಿದ ಊತ, ದಿನ ಕಳೆದಂತೆ ಇಳಿಯುತ್ತದೆ. ಒಂದೇ ಭಾಗ ಬಿಸಿಯಾಗಿ, ಕೆಂಪಾಗಿ, ಗಟ್ಟಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಬಾವು.

ಮೊದಲ ಎರಡು ಮೂರು ಗೆರೆ ಹಾಲನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಗರಣೆ, ದಾರ, ನೀರು, ರಕ್ತ ಕಂಡರೆ ಅವತ್ತೇ ವೈದ್ಯರು ಬೇಕು. ಏನೂ ಕಾಣದಿದ್ದರೂ ಹಾಲು ಇಳಿದಿದ್ದರೆ ಬಟ್ಟೆ ಒಗೆಯುವ ಪುಡಿಯ ಪರೀಕ್ಷೆ ಮಾಡಬಹುದು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕರಗಿಸಿ. ನಾಲ್ಕು ಲೋಟದಲ್ಲಿ ನಾಲ್ಕು ಮೊಲೆಯ ಹಾಲು ಬೇರೆ ಬೇರೆ ಹಿಡಿದು, ಅಷ್ಟೇ ಪುಡಿನೀರು ಹಾಕಿ ಮೆಲ್ಲಗೆ ತಿರುಗಿಸಿ. ಲೋಳೆಯಾಗಿ ಗಟ್ಟಿಯಾದ ಲೋಟದ ಮೊಲೆಯಲ್ಲಿ ಒಳಗೊಳಗೇ ಬಾವು ಇದೆ. ಈದ ಮೊದಲ ನಾಲ್ಕೈದು ದಿನದ ಗಿಣ್ಣುಹಾಲು ಹೇಗೂ ಲೋಳೆಯಾಗುತ್ತದೆ, ಆಗ ಈ ಪರೀಕ್ಷೆ ನಂಬಬೇಡಿ. ಪರೀಕ್ಷೆಯ ಹಾಲು ಚರಂಡಿಗೆ, ಕರುವಿಗಲ್ಲ.

ಬಾವು ಇರುವ ಭಾಗವನ್ನು ದಿನಕ್ಕೆ ನಾಲ್ಕೈದು ಸಲ ಖಾಲಿ ಮಾಡುತ್ತಿರಿ. ಮೊಲೆಯೊಳಗೆ ಏರಿಸುವ ಟ್ಯೂಬನ್ನು ಅಂಗಡಿಯವರ ಮಾತು ಕೇಳಿ ಹಾಕಬೇಡಿ. ವೈದ್ಯರು ಕೊಟ್ಟ ಔಷಧಿಯ ಗಡುವು ಮುಗಿಯುವವರೆಗೆ ಆ ಹಾಲನ್ನು ಡೇರಿಗೆ ಹಾಕಬಾರದು.

ಇನ್ನು, ಎಲ್ಲ ಸರಿಯಿದ್ದೂ ಹಸು ತೊರೆಯನ್ನೇ ಬಿಡದಿದ್ದರೆ, ಅಂದರೆ ಹಾಲು ಇಳಿಸದಿದ್ದರೆ, ಹಳೆಯ ಮನೆಯಲ್ಲಿ ಪ್ರತಿ ಹೊತ್ತೂ ಹಾಲು ಇಳಿಸುವ ಇಂಜೆಕ್ಷನ್ ಚುಚ್ಚಿ ಕರೆಯುತ್ತಿದ್ದರೇನೋ ಕೇಳಿ. ಹಾಗಿದ್ದರೆ ಬಿಡಿಸಬೇಕು. ಬಿಸಿನೀರಿನ ಬಟ್ಟೆ ಒತ್ತುವುದು, ಕರು ಬಿಡುವುದು, ಕರೆಯುವಾಗ ತಿನ್ನಲು ಸ್ವಲ್ಪ ಹಿಂಡಿ ಇಡುವುದು. ತಾಳ್ಮೆ ಬೇಕು, ಬೇರೆ ದಾರಿಯಿಲ್ಲ.

## ಮೇವು ಮುಟ್ಟುತ್ತಿಲ್ಲ, ಹೊಟ್ಟೆ ಕೆಟ್ಟಿದೆ

ಮೊದಲು ನಿಮ್ಮ ಉಪಚಾರವನ್ನೇ ಅನುಮಾನಿಸಿ. ಮನೆಗೆ ಬಂದ ಲಕ್ಷ್ಮಿ ಅಂತ ರಾಗಿ ಅಂಬಲಿ, ಜೋಳದ ನುಚ್ಚು, ಅನ್ನ, ಬೆಲ್ಲ ಎಲ್ಲ ಒಂದೇ ದಿನ ಕೊಟ್ಟಿರುತ್ತೀರಿ. ಉಪವಾಸದಿಂದ ಬಂದ ಹೊಟ್ಟೆಗೆ ಇಷ್ಟು ಹಿಟ್ಟಿನ ಪದಾರ್ಥ ಒಟ್ಟಿಗೆ ಬಿದ್ದರೆ ಒಳಗೆ ಹುಳಿಯೇರುತ್ತದೆ. ಸಗಣಿ ನೀರಾಗಿ, ಹುಳಿ ವಾಸನೆ ಬರುತ್ತದೆ. ಹೊಟ್ಟೆ ಉರುಳುವುದು ನಿಲ್ಲುತ್ತದೆ, ಎಡ ಪಕ್ಕೆ ಒತ್ತಿದರೆ ಒಳಗೆ ನೀರು ಅಲುಗಿದ ಸದ್ದು.

ಮೇವು ಬಿಟ್ಟಿದೆ, ಆದರೆ ಜ್ವರ ಇಲ್ಲ, ಹೊಟ್ಟೆ ಉರುಳುತ್ತಿದೆ, ನೀರು ಕುಡಿಯುತ್ತಿದೆ ಅಂದರೆ ಒಂದು ದಿನ ಒಣಹುಲ್ಲು, ನೀರು ಮಾತ್ರ ಕೊಟ್ಟು ಕಾಯಬಹುದು. ಹುಳಿಯೇರಿದ ಹಸು ಮಂಕಾಗಿ ನಿಂತರೆ, ತೂರಾಡಿದರೆ ಕಾಯಬೇಡಿ. ಎಡ ಪಕ್ಕೆ ಡಂಗುರದಷ್ಟು ಬಿಗಿದು ಬೆನ್ನಿಗಿಂತ ಮೇಲೆ ಉಬ್ಬಿದ್ದರೆ, ಹಸು ಮೂತಿ ಚಾಚಿ ಉಸಿರಿಗೆ ಒದ್ದಾಡುತ್ತಿದ್ದರೆ ನಿಮಿಷಗಳ ಲೆಕ್ಕ. ಮುಂಗಾಲು ಎತ್ತರದಲ್ಲಿರುವಂತೆ ನಿಲ್ಲಿಸಿ, ವೈದ್ಯರು ದಾರಿಯಲ್ಲಿರಲಿ.

ಹಸು ಕೊಳ್ಳುವಾಗ ಎರಡು ಮೂರು ದಿನಕ್ಕಾಗುವಷ್ಟು ಅದೇ ಬೂಸ, ಅದೇ ಹುಲ್ಲು ಕೇಳಿ ತನ್ನಿ. ಯಾರೂ ಇಲ್ಲ ಅನ್ನುವುದಿಲ್ಲ. ನಿಮ್ಮ ಮೇವಿಗೆ ಬದಲಿಸಲು ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳಿ.

## ಏದುಸಿರು, ಕೆಮ್ಮು

ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನೆರಳಲ್ಲಿ ನಿಂತ ಹಸುವಿಗೆ 20ರಿಂದ 40 ಸಾಮಾನ್ಯ. 60 ದಾಟಿದರೆ ಶೆಕೆ ತಾಳುತ್ತಿಲ್ಲ. ಬಾಯಿ ತೆರೆದು, ನಾಲಿಗೆ ಹೊರಹಾಕಿ ಏದುತ್ತಿದ್ದರೆ ತಡಮಾಡದೆ ಮೈಮೇಲೆ ಪೂರ್ತಿ ನೀರು ಸುರಿಯಿರಿ, ಫ್ಯಾನ್ ಹಾಕಿ. ಗಾಳಿ ಇಲ್ಲದೆ ಬರೀ ನೀರು ಸುರಿದರೆ ಅರ್ಧ ಕೆಲಸವಷ್ಟೇ. ಕೋಲಾರದಂಥ ಒಣ ಹವೆಯ ಕಡೆಯಿಂದ ಮಂಗಳೂರು, ಉಡುಪಿಗೆ ಇಳಿಸಿದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸುಗಳಲ್ಲಿ ಇದು ವಾರಗಟ್ಟಲೆ ಇರುತ್ತದೆ.

ಶೆಕೆಯ ಏದುಸಿರಿಗೆ ಕೆಮ್ಮು ಇರುವುದಿಲ್ಲ, ತಂಪಾದರೆ ಇಳಿಯುತ್ತದೆ. ಪ್ರಯಾಣ ಮುಗಿದು ಎರಡು ವಾರದೊಳಗೆ ಜ್ವರ, ಕೆಮ್ಮು, ಮೂಗಿನಲ್ಲಿ ದಪ್ಪ ಸಿಂಬಳ ಒಟ್ಟಿಗೆ ಬಂದರೆ ಅದು ಸಾಗಣೆ ಜ್ವರ. ಸುಮ್ಮನಿದ್ದ ರೋಗಾಣುಗಳು ದಾರಿಯ ಒತ್ತಡದಲ್ಲಿ ಶ್ವಾಸಕೋಶಕ್ಕೆ ಇಳಿದಿವೆ. ಮೊದಲ ದಿನ ಚಿಕಿತ್ಸೆ ಸಿಕ್ಕರೆ ಒಳ್ಳೆಯ ಗುಣ ಕಾಣುತ್ತದೆ, ನಾಲ್ಕನೇ ದಿನ ಸಿಕ್ಕರೆ ಶ್ವಾಸಕೋಶದ ಒಂದು ಭಾಗ ಹಾಳಾಗಿಯೇ ಉಳಿಯಬಹುದು. ಗಂಟಲ ಕೆಳಗೆ ಊತ, ಗೊರಗೊರ ಸದ್ದು, 105 ದಾಟಿದ ಜ್ವರ ಇದ್ದರೆ ಗಳಲೆ ರೋಗ. ಅದಕ್ಕೆ ನಾಳೆ ಅನ್ನುವುದಿಲ್ಲ.

## ಕುಂಟುತ್ತಿದೆ

ಗೊರಸು ತೊಳೆದು ಸಂದಿನಲ್ಲಿ ಕಲ್ಲು, ಮೊಳೆ, ಗಾಜು ಹುಡುಕಿ. ಎಷ್ಟೋ ಸಲ ಕುಂಟು ಇಲ್ಲೇ ಮುಗಿಯುತ್ತದೆ. ಗೊರಸು ಸರಿಯಿದ್ದು ಮೇಲೆ ಊತವಿದ್ದರೆ ಮೆತ್ತನೆಯ ಹಾಸಿನ ಮೇಲೆ ಕಟ್ಟಿ ವಿಶ್ರಾಂತಿ ಕೊಡಿ. ಕಾಲು ನೆಲಕ್ಕೇ ಊರದಿದ್ದರೆ ವೈದ್ಯರು. ತೊಡೆಯಲ್ಲಿ ದಿಢೀರ್ ಊತ, ಒತ್ತಿದರೆ ಒಳಗೆ ಚರಚರ ಸದ್ದು, ಜೊತೆಗೆ ಜ್ವರ ಇದ್ದರೆ ಏಟಲ್ಲ, ಚಪ್ಪೆ ರೋಗ. ಎಳೆ ವಯಸ್ಸಿನ ಕಡಸುಗಳಲ್ಲಿ ಇದು ಜಾಸ್ತಿ.

ನೋವಿನ ಇಂಜೆಕ್ಷನ್ ಕೊಡಿಸಿ ಕುಂಟು ಮರೆಸಿ ಮತ್ತೆ ಸಂತೆಗೆ ಹೊಡೆಯುವವರಿದ್ದಾರೆ. ಕುಂಟುವ ಹಸುವನ್ನು, ಎದ್ದು ನಿಲ್ಲಲಾರದ ಹಸುವನ್ನು ಗಾಡಿಗೆ ಹತ್ತಿಸಲೇಬಾರದು. ಎರಡನೇ ಪ್ರಯಾಣದಲ್ಲಿ ಅದು ಇತರ ಹಸುಗಳ ಕಾಲಡಿಗೆ ಬೀಳುತ್ತದೆ.

## ಒಂದು ವಾರ ಚೆನ್ನಾಗಿತ್ತು, ಈಗ ಜ್ವರ

ಬಾಲದ ಬುಡ, ಕಿವಿಯೊಳಗೆ, ಕೆಚ್ಚಲ ಸಂದಿನಲ್ಲಿ ಉಣ್ಣೆ ಹುಡುಕಿ. ಸೀಮೆಹಸುಗಳಿಗೆ ಉಣ್ಣೆಯಿಂದ ಬರುವ ಜ್ವರ ತುಂಬಾ ಕೆಟ್ಟದ್ದು. ಭುಜದ ಮುಂದೆ ಕೈಗೆ ಸಿಗುವ ಗಂಟು, 104ರಿಂದ 106ರ ಜ್ವರ, ರೆಪ್ಪೆ ಬಿಳಿಚುತ್ತಿದ್ದರೆ ಥೈಲೇರಿಯಾ ಅನುಮಾನ. ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ ಬಂದರೆ ಬೆಬೀಸಿಯಾ. ರೆಪ್ಪೆ ಹಳದಿಯಾಗಿ, ಸಗಣಿ ಗಟ್ಟಿಯಾಗಿದ್ದರೆ ಅನಾಪ್ಲಾಸ್ಮಾ. ಮೂರಕ್ಕೂ ಔಷಧಿ ಬೇರೆ ಬೇರೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸುಮ್ನೆ ಜ್ವರದ ಇಂಜೆಕ್ಷನ್ ಕೊಡಿಸುತ್ತಾ ದಿನ ಕಳೆದರೆ ರಕ್ತ ಇಳಿದುಹೋಗುತ್ತದೆ. ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.

ಮೈತುಂಬ ಗಟ್ಟಿ ಗಂಟು ಎದ್ದರೆ ಚರ್ಮಗಂಟು ರೋಗ. 2022ರಲ್ಲಿ ಇದು ಹರಡಿದಾಗ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ದನದ ಸಂತೆ, ಜಾತ್ರೆ, ಸಾಗಣೆಯನ್ನೇ ನಿಲ್ಲಿಸಿದ್ದರು. ನೊಣ, ಸೊಳ್ಳೆಗಳಿಂದ ಹರಡುವುದರಿಂದ ಹಸು ಬೇರೆ ಕಟ್ಟುವುದರ ಜೊತೆಗೆ ಹೊಗೆ, ಸೊಳ್ಳೆ ಪರದೆಯೂ ಬೇಕು.

## ಜೊಲ್ಲು ಸುರಿಸುತ್ತಿದೆ

ಬಾಯೊಳಗೆ ಕೈ ಹಾಕಬೇಡಿ. ಇದನ್ನೇ ಮೊದಲು ಹೇಳಬೇಕು. ನುಂಗಲು ಆಗದೆ ಜೊಲ್ಲು ಸುರಿಸುತ್ತಾ ವಿಚಿತ್ರವಾಗಿ ಕೂಗುತ್ತಿರುವ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕಾಣುವ ಹಸುವಿಗೆ ಹುಚ್ಚುನಾಯಿ ಕಡಿದಿರಬಹುದು. ಹಳೆಯ ಮನೆಯಲ್ಲಿ ನಾಯಿ ಕಡಿದದ್ದು ನಿಮಗೆ ಹೇಗೆ ಗೊತ್ತಾಗಬೇಕು? ಜೊಲ್ಲು ಕೈಯ ಗಾಯಕ್ಕೆ ತಗುಲಿದ್ದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಜೊಲ್ಲಿನ ಜೊತೆ ತುಟಿ ಚಪ್ಪರಿಸುವುದು, ನಾಲಿಗೆಯಲ್ಲಿ ಬೊಬ್ಬೆ, ಗೊರಸಿನ ಸಂದಿನಲ್ಲಿ ಹುಣ್ಣು, ಜ್ವರ ಇದ್ದರೆ ಕಾಲುಬಾಯಿ ರೋಗ. ಸೋಂಕು ತಗುಲಿ 2ರಿಂದ 14 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆ ಸರ್ಕಾರ ಉಚಿತವಾಗಿ ಹಾಕುವ ಲಸಿಕೆ ಈ ಹಸುವಿಗೆ ಬಿದ್ದಿದೆಯೇ ಅಂತ ಕಿವಿಯ ಹಳದಿ ಓಲೆಯ 12 ಅಂಕಿಯ ಸಂಖ್ಯೆ ಕೊಟ್ಟು ಪಶು ಆಸ್ಪತ್ರೆಯಲ್ಲಿ ಕೇಳಬಹುದು. ಕೊಳ್ಳುವ ಮುಂಚೆಯೇ ಕೇಳಿದರೆ ಇನ್ನೂ ಒಳ್ಳೆಯದು ಅಲ್ವಾ?

## ಕಂದು ಹಾಕಿತು, ಅಥವಾ ಇದ್ದಕ್ಕಿದ್ದಂತೆ ಸತ್ತಿತು

ದಾರಿಯ ಕುಲುಕಾಟದಿಂದ ಹಸು ಕಂದು ಹಾಕಬಹುದು, ಅಂದರೆ ಗಬ್ಬ ಇಳಿಯಬಹುದು. ಆದರೆ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಹಾಕಿ, ಸತ್ತೆ (ಮಾಸು) ಬೀಳದೆ ನಿಂತರೆ ಕಂದು ರೋಗದ (ಬ್ರುಸೆಲ್ಲೋಸಿಸ್) ಪರೀಕ್ಷೆ ಆಗಲೇಬೇಕು. ಅದು ಮನುಷ್ಯರಿಗೂ ಬರುತ್ತದೆ. ಕಂದು, ಸತ್ತೆ ಯಾವುದನ್ನೂ ಬರಿಗೈಲಿ ಮುಟ್ಟಬೇಡಿ, ನಾಯಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಿ. ಸತ್ತೆಯನ್ನು ಕೈ ಹಾಕಿ ಎಳೆಯುವುದಂತೂ ಬೇಡ. ಹಾಲು ಕಾಯಿಸದೆ ಕುಡಿಯಬೇಡಿ.

ಏನೂ ಲಕ್ಷಣವಿಲ್ಲದೆ ಸತ್ತು, ಮೂಗು ಬಾಯಿ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗ (ಆಂತ್ರಾಕ್ಸ್) ಇರಬಹುದು. ಹೆಣ ಕೊಯ್ಯಬೇಡಿ, ಚರ್ಮ ಸುಲಿಸಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

## ಗಾಡಿಯಲ್ಲಿ ಆದದ್ದೇನು

ಇಳಿದ ದಿನದ ತೊಂದರೆಗಳಿಗೆ ಉತ್ತರ ಗಾಡಿಯ ಡಬ್ಬಿಯಲ್ಲಿ ಸಿಗುತ್ತದೆ. 1978ರ ಪಶು ಸಾಗಣೆ ನಿಯಮಗಳ ಪ್ರಕಾರ ನೆಲಕ್ಕೆ ಜಾರದ ಹಾಸು ಇರಬೇಕು, ತೆಂಗಿನ ನಾರಿನ ಚಾಪೆಯೋ ಮರದ ಹಲಗೆಯೋ. ಒಂದು ಗಾಡಿಯಲ್ಲಿ ಆರು ದನಕ್ಕಿಂತ ಜಾಸ್ತಿ ಬೇಡ, ಬೇರೆ ಸಾಮಾನು ಬೇಡ, ನೋಡಿಕೊಳ್ಳಲು ಒಬ್ಬ ಆಳು ಇರಬೇಕು, ಪ್ರಯಾಣಕ್ಕೆ ಯೋಗ್ಯ ಅನ್ನುವ ಪಶುವೈದ್ಯರ ಪ್ರಮಾಣಪತ್ರ ಬೇಕು. ಮೋಟಾರು ವಾಹನ ನಿಯಮ ಒಂದು ಹಸುವಿಗೆ 2 ಚದರ ಮೀಟರ್ ಜಾಗ ಹೇಳುತ್ತದೆ. ಟಾಟಾ ಏಸ್‌ನ ಡಬ್ಬಿ ಸುಮಾರು ಏಳಡಿ ಉದ್ದ, ಐದಡಿ ಅಗಲ. ಲೆಕ್ಕ ಹಾಕಿದರೆ ಒಂದೇ ಹಸು. ಬಾಡಿಗೆ ಉಳಿಸಲು ಎರಡು ತುಂಬಿಸುತ್ತೇವೆ, ನಡುವೆ ಕರು ಬೇರೆ.

ಈರೋಡಿನ ಕರುಂಗಲ್‌ಪಾಳ್ಯ ಸಂತೆಯಿಂದ ಚಾಮರಾಜನಗರದ ಕಡೆ ಹಸು ತರುವವರು ದಿಂಬಂ ಘಾಟಿ ಹತ್ತುತ್ತಾರೆ. ಅಲ್ಲಿ 27 ಹೇರ್‌ಪಿನ್ ತಿರುವು. ಹಾಸಿಲ್ಲದ ಗಾಡಿಯಲ್ಲಿ ಪ್ರತಿ ತಿರುವಿಗೂ ಹಸು ಜಾರುತ್ತದೆ. ಹುಲಿ ಅಭಯಾರಣ್ಯದ ರಾತ್ರಿ ಸಂಚಾರ ನಿರ್ಬಂಧಕ್ಕೆ ಸಿಕ್ಕಿದರೆ ಗಾಡಿ ಕೆಳಗೇ ನಿಲ್ಲಬೇಕು, ಹಸುವೂ ಕರೆಯದ ಕೆಚ್ಚಲಿನೊಂದಿಗೆ ನಿಲ್ಲಬೇಕು. ಕಾಗದ ಸರಿಯಿಲ್ಲದೆ ಚೆಕ್‌ಪೋಸ್ಟಿನಲ್ಲಿ ನಿಂತರೂ ಇದೇ ಪಾಡು. ಹೊರಡುವ ಹೊತ್ತನ್ನು ಇದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಹಾಲು ಕರೆದೇ ಹತ್ತಿಸಿ. 12 ಗಂಟೆಗಿಂತ ಜಾಸ್ತಿ ದಾರಿಯಿದ್ದರೆ ನಡುವೆ ಇಳಿಸಿ ಕರೆಯಿರಿ. ನಾಲ್ಕೈದು ಗಂಟೆಗೊಮ್ಮೆ ನೀರು. ತಲೆ ಎತ್ತಿ ಕಂಬಿಗೆ ಬಿಗಿಯಬೇಡಿ, ತಲೆ ಸಮವಾಗಿ ಇಟ್ಟುಕೊಳ್ಳುವಷ್ಟು ಹಗ್ಗ ಸಡಿಲವಿರಲಿ. ಮೂಗುದಾರಕ್ಕಂತೂ ಕಟ್ಟಬೇಡಿ. ಹತ್ತಿಸಲು ಇಳಿಸಲು ದಿಬ್ಬ ಹುಡುಕಿ, ಹಾರಿಸಬೇಡಿ. ಈಯಲು ತಿಂಗಳಿಗಿಂತ ಕಮ್ಮಿ ಇರುವ ಹಸುವನ್ನೂ, ಈದು ವಾರ ತುಂಬದ ಹಸುವನ್ನೂ ಕೊಂಡರೂ ಅಲ್ಲೇ ಬಿಟ್ಟು ಬನ್ನಿ. ಮುಂಗಡ ಕೊಟ್ಟು, "ಇನ್ನೊಂದು ಹದಿನೈದು ದಿನ ನಿಮ್ಮಲ್ಲೇ ಇರ್ಲಿ, ಮೇವಿನ ದುಡ್ಡು ಕೊಡ್ತೀನಿ" ಅಂದರೆ ಒಪ್ಪುವವರು ಬೇಕಾದಷ್ಟು ಜನ ಇದ್ದಾರೆ. ಆ ನೆಪದಲ್ಲಿ ಸಂಜೆ, ಮರುದಿನ ಬೆಳಗ್ಗೆ, ಎರಡು ಹೊತ್ತಿನ ಹಾಲು ಕರೆಯುವುದನ್ನು ಎದುರಿಗೆ ನಿಂತು ನೋಡಲೂ ಆಗುತ್ತದೆ.

## ಮನೆ ಹಸುಗಳಿಗೆ ಅಂಟದಂತೆ

ಬಂದ ಹಸುವನ್ನು ಕನಿಷ್ಠ 21 ದಿನ ಬೇರೆ ಕಟ್ಟಿ. ಬೇರೆ ಕೊಟ್ಟಿಗೆ ಇಲ್ಲದವರು ಮನೆಯ ಇನ್ನೊಂದು ಬದಿ, ಮರದ ಕೆಳಗೆ ಕಟ್ಟಿದರೂ ಆದೀತು. ಬಕೆಟ್, ತೊಟ್ಟಿ, ಹಗ್ಗ ಬೇರೆ ಇರಲಿ. ಮನೆ ಹಸುಗಳ ಹಾಲು ಮೊದಲು ಕರೆದು, ಹೊಸದನ್ನು ಕೊನೆಗೆ ಕರೆಯಿರಿ, ಆಮೇಲೆ ಕೈ ಕಾಲು ತೊಳೆಯಿರಿ. ಮೊದಲ ಎರಡು ವಾರ ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಕಂದು ರೋಗಕ್ಕೆ ರಕ್ತ ಪರೀಕ್ಷೆ, ಉಣ್ಣೆಗೆ ಔಷಧಿ, ಬಾಕಿ ಲಸಿಕೆಗಳ ಬಗ್ಗೆ ಈ ಅವಧಿಯಲ್ಲೇ ವೈದ್ಯರನ್ನು ಕೇಳಿ. ಜ್ವರವಿದ್ದಾಗ ಲಸಿಕೆ ಹಾಕಿಸಬೇಡಿ.

ಹತ್ತಿರದ ಪಶು ಆಸ್ಪತ್ರೆಯ ವೈದ್ಯರು ಸಿಗದ ಹೊತ್ತಿನಲ್ಲಿ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಫೋನಿನಲ್ಲಿ ಇಷ್ಟು ಹೇಳಿ: ಎಷ್ಟನೇ ಸೂಲು, ಈದು ಎಷ್ಟು ದಿನ ಅಥವಾ ಗಬ್ಬ ಎಷ್ಟು ತಿಂಗಳು, ಗಾಡಿಯಿಂದ ಇಳಿದು ಎಷ್ಟು ಹೊತ್ತು, ಈಗ ಮೈ ಬಿಸಿ ಎಷ್ಟು, ಕೊನೆಯ ಸಲ ಸಗಣಿ ಹಾಕಿದ್ದು ಯಾವಾಗ, ಆಗಲೇ ಏನಾದರೂ ಔಷಧಿ ಕೊಟ್ಟಿದ್ದೀರಾ. ಕೊನೆಯದನ್ನು ಮುಚ್ಚಿಡಬೇಡಿ.